ಆರ್‌ಎಕ್ಸ್ 100 ಚಳಿಯಲ್ಲಿ ಸ್ಲೋ ನಿಲ್ಲದಿದ್ದರೆ ಬಿಸಿ ಪ್ಲಗ್ ಹಾಕಬೇಕೆ?

ನಿಮ್ಮ ಪ್ರಶ್ನೆಯಿಂದ ನಾನು ತಿಳಿದುಕೊಂಡದ್ದು ಇಷ್ಟು. ಧಾರವಾಡದ ಸಪ್ತಾಪುರದಲ್ಲಿ ನಿಮ್ಮ ತಂದೆಯವರು ಕೊಂಡ 1993ರ ಯಮಹಾ ಆರ್‌ಎಕ್ಸ್ 100 ಇದೆ. ಡಿಸೆಂಬರಿನ ಬೆಳಿಗ್ಗೆ ಅದು ನಾಲ್ಕಾರು ಕಿಕ್ಕಿಗೆ ಶುರುವಾದರೂ ಸ್ಲೋ (ಎಕ್ಸಿಲೇಟರ್ ತಿರುವದೆ ಎಂಜಿನ್ ನಿಧಾನವಾಗಿ ಓಡುತ್ತಿರುವುದು) ನಿಲ್ಲದೆ ಬಂದ್ ಬೀಳುತ್ತದೆ. ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಪ್ಪಗೆ ಒದ್ದೆಯಾಗಿರುತ್ತದೆ. ಒರೆಸಿ ಹಾಕಿದರೆ ಕೆಲವು ದಿನ ನಡೆದು ಮತ್ತೆ ಹಾಗೆಯೇ ಆಗುತ್ತದೆ. ಮಜ್ದಾ ಆರ್‌ಎಕ್ಸ್-8 ಎಂಬ ರೋಟರಿ ಎಂಜಿನ್ನಿನ ಕಾರನ್ನು ಇಟ್ಟುಕೊಂಡವರು ಇದೇ ತೊಂದರೆಗೆ ಬಿಸಿ ಪ್ಲಗ್ ಹಾಕುತ್ತಾರೆಂದು ಓದಿ, ನಿಮ್ಮ ಗಾಡಿಗೂ ಹಾಕಬಹುದೇ ಎಂದು ಕೇಳಿದ್ದೀರಿ.

ದಯವಿಟ್ಟು ಹಾಕಬೇಡಿ. ನಾನು ಹುಬ್ಬಳ್ಳಿಯಲ್ಲಿ ಹೆಚ್ಚಾಗಿ ಹಳೆಯ ಟು-ಸ್ಟ್ರೋಕ್ ಗಾಡಿಗಳ ಕೆಲಸವನ್ನೇ ಮಾಡುವವನು, ಆದ್ದರಿಂದ ಈ ಸಲಹೆ ನಮ್ಮ ಭಾಗದಲ್ಲಿ ಎಷ್ಟು ಸಲೀಸಾಗಿ ಕೈಯಿಂದ ಕೈಗೆ ದಾಟುತ್ತದೆ ಎಂಬುದನ್ನು ಬಲ್ಲೆ. ಪ್ಲಗ್ಗಿನ ತುದಿಯ ಪಿಂಗಾಣಿ ಉದ್ದವಿದ್ದರೆ ಅದು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದೇ ಬಿಸಿ ಪ್ಲಗ್. ಗಿಡ್ಡವಿದ್ದರೆ ಶಾಖವನ್ನು ಬೇಗನೆ ಹೆಡ್ಡಿಗೆ (ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗಕ್ಕೆ) ದಾಟಿಸುತ್ತದೆ, ಅದು ತಂಪು ಪ್ಲಗ್. ತುದಿಯು ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಅದು 850 ಡಿಗ್ರಿಯ ಆಸುಪಾಸಿಗೆ ಹೋಯಿತೆಂದರೆ ಕಿಡಿ ಬೀಳುವ ಮೊದಲೇ ಪೆಟ್ರೋಲು ಅದರ ಕಾವಿಗೆ ಹೊತ್ತಿಕೊಳ್ಳತೊಡಗುತ್ತದೆ. ಟು-ಸ್ಟ್ರೋಕ್ ಎಂಜಿನ್ನಿನ ಪ್ರತಿ ಸುತ್ತಿಗೂ ಒಂದು ಉರಿ ಇರುವುದರಿಂದ ಪ್ಲಗ್ಗಿಗೆ ವಿಶ್ರಾಂತಿ ಕಡಿಮೆ. ಬೆಳಗಿನ ಐದು ನಿಮಿಷದ ಸುಖಕ್ಕೆಂದು ಬಿಸಿ ಪ್ಲಗ್ ಹಾಕಿಕೊಂಡು ಏಪ್ರಿಲ್ ತಿಂಗಳ ಮಧ್ಯಾಹ್ನ ಬೈಪಾಸಿನಲ್ಲಿ ಪೂರ್ತಿ ಎಕ್ಸಿಲೇಟರ್ ತಿರುವಿದರೆ ಪಿಸ್ಟನ್ನಿನ ತಲೆಗೆ ತೂತು ಬೀಳುವ ಸಾಧ್ಯತೆ ನಿಜವಾದದ್ದು.

ರೋಟರಿಯ ವಿಚಾರ ಬೇರೆ, ಆದರೂ ನೀವು ಅದನ್ನು ನೆನೆದದ್ದರಲ್ಲಿ ಅರ್ಥವಿದೆ. ಆರ್‌ಎಕ್ಸ್-8ರ ಎಂಜಿನ್ನಿನಲ್ಲಿ ಮೂರು ಮೂಲೆಯ ಎರಡು ರೋಟರುಗಳು ತಿರುಗುತ್ತವೆ, ಒಂದೊಂದಕ್ಕೆ ಎರಡರಂತೆ ಒಟ್ಟು ನಾಲ್ಕು ಪ್ಲಗ್ಗುಗಳು. ಅವುಗಳಲ್ಲಿ ಕೆಳಗಿನ ಲೀಡಿಂಗ್ ಪ್ಲಗ್ಗಿಗೆ ಎನ್‌ಜಿಕೆ ಎಂಬ ಪ್ಲಗ್ ಕಂಪನಿಯ ಲೆಕ್ಕದ 7, ಮೇಲಿನ ಟ್ರೇಲಿಂಗ್ ಪ್ಲಗ್ಗಿಗೆ 9 ಎಂದು ಬೇರೆಬೇರೆ ಹೀಟ್ ರೇಂಜ್ (ಬಿಸಿ-ತಂಪಿನ ದರ್ಜೆ) ನಿಗದಿಯಾಗಿದೆ, ಅದಲುಬದಲು ಮಾಡುವಂತಿಲ್ಲ. ಒಳಗಿನ ಸೀಲುಗಳು ಸವೆಯದಿರಲೆಂದು ಒಂದು ಸಣ್ಣ ಪಂಪು ಆಯಿಲ್ಲನ್ನು ಒಳಕ್ಕೆ ಬಿಡುತ್ತಿರುತ್ತದೆ, ಅದು ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ. ನಿಮ್ಮ ಗಾಡಿಯಲ್ಲೂ ಆಟೋಲ್ಯೂಬ್ ಪಂಪು ಮಾಡುವ ಕೆಲಸ ಇದೇ ಬಗೆಯದು. ತಣ್ಣಗಿರುವ ಆ ಕಾರನ್ನು ಶುರುಮಾಡಿ, ಶೆಡ್ಡಿನಿಂದ ಅಂಗಳಕ್ಕೆ ಸರಿಸಿ, ಕೂಡಲೇ ಬಂದ್ ಮಾಡಿದರೆ ಪ್ಲಗ್ಗುಗಳು ಪೆಟ್ರೋಲಿನಲ್ಲಿ ತೊಯ್ದು ಮುಂದಿನ ಸಲ ಶುರುವಾಗದಿರುವುದು ಅದನ್ನು ಬಳಸಿದವರಿಗೆಲ್ಲ ಗೊತ್ತು. ಆಯಿಲ್ ಸುಡುವ ಯಾವ ಎಂಜಿನ್ನೂ ಶುರುವಾದ ಮೇಲೆ ಪೂರ್ತಿ ಕಾಯುವವರೆಗೆ ಓಡಬೇಕು ಎಂಬ ಪಾಠವನ್ನಷ್ಟೇ ಅಲ್ಲಿಂದ ತೆಗೆದುಕೊಳ್ಳಿ.

ಈಗ ನಿಮ್ಮ ಗಾಡಿಗೆ ಬರೋಣ. ಮೊದಲನೆಯದಾಗಿ, ಆರ್‌ಎಕ್ಸ್ 100ರ ಸ್ಲೋ ಎಂದೂ ಫೋರ್-ಸ್ಟ್ರೋಕ್ ಗಾಡಿಯಷ್ಟು ಸಮನಾಗಿರುವುದಿಲ್ಲ. ಎಕ್ಸಿಲೇಟರ್ ಮುಚ್ಚಿದಾಗ ಒಳಗೆ ಬರುವ ಹೊಸ ಗಾಳಿ-ಪೆಟ್ರೋಲು ಸುಟ್ಟ ಹೊಗೆಯನ್ನು ಪೂರ್ತಿ ಹೊರದೂಡಲು ಸಾಲದೆ ಕೆಲವು ಸುತ್ತುಗಳು ಉರಿಯದೆಯೇ ಹೋಗುತ್ತವೆ. ಆ ತಡೆದು ತಡೆದು ಬರುವ ಸದ್ದು ರೋಗವಲ್ಲ, ಅದನ್ನು ಸರಿಪಡಿಸಲು ಹೋಗಿ ಸ್ಕ್ರೂ ತಿರುವುತ್ತಾ ಕೂರಬೇಡಿ. ಬಂದ್ ಬೀಳುವುದು ಮತ್ತು ಪ್ಲಗ್ ಒದ್ದೆಯಾಗುವುದು ಮಾತ್ರ ನೋಡಬೇಕಾದ ದೋಷಗಳು.

ನನ್ನ ಮೊದಲ ಸಂದೇಹ ಚೋಕಿನ ಮೇಲೆ, ಅದಕ್ಕೆ ಕಾರಣವಿದೆ. ಈ ಮಿಕುನಿ ಕಾರ್ಬೊರೇಟರಿನ ಚೋಕು ಗಾಳಿಗೆ ಅಡ್ಡಲಾಗಿ ಮುಚ್ಚಳ ಹಾಕುವ ಬಗೆಯದಲ್ಲ. ಅದರ ಸಣ್ಣ ಪ್ಲಂಜರ್ ಮೇಲೆದ್ದಾಗ ಪ್ರತ್ಯೇಕ ದಾರಿಯೊಂದು ತೆರೆದು ಹೆಚ್ಚುವರಿ ಪೆಟ್ರೋಲು ಬರುತ್ತದೆ. ಎಕ್ಸಿಲೇಟರ್ ಮುಚ್ಚಿದ್ದಾಗ ಎಂಜಿನ್ ಎಳೆಯುವ ಎಳೆತದಿಂದಲೇ ಆ ದಾರಿ ಕೆಲಸ ಮಾಡುತ್ತದೆ. ಹಾಗಾಗಿ ಚೋಕು ಎಳೆದು ಎಕ್ಸಿಲೇಟರನ್ನೂ ತಿರುವುತ್ತ ಕಿಕ್ ಹೊಡೆದರೆ ಚೋಕಿನ ಪ್ರಯೋಜನವೇ ಹೋಗುತ್ತದೆ. ಎಕ್ಸಿಲೇಟರಿನ ಹಿಡಿಯನ್ನು ಮುಟ್ಟದೆ ಕಿಕ್ ಹೊಡೆಯಿರಿ. ಶುರುವಾದ ಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಚೋಕನ್ನು ಮುಚ್ಚಿ, ಆಮೇಲೆ ಬೇಕಾದರೆ ಹಿಡಿಯಿಂದ ಸ್ವಲ್ಪ ಹೊತ್ತು ಆಧಾರ ಕೊಡಿ. ಪ್ಲಂಜರಿನ ತಳದ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಚೋಕು ಮುಚ್ಚಿದಾಗಲೂ ಪೆಟ್ರೋಲು ಸೋರುತ್ತಲೇ ಇರುತ್ತದೆ, ಮೂವತ್ತು ವರ್ಷ ದಾಟಿದ ಗಾಡಿಯಲ್ಲಿ ಇದನ್ನು ನಾನು ಬಹಳ ಸಲ ಕಂಡಿದ್ದೇನೆ. ಕಾರ್ಬೊರೇಟರ್ ಬಿಚ್ಚಿದಾಗ ಅದನ್ನು ಹೊರತೆಗೆದು ಉಗುರಿನಿಂದ ಒತ್ತಿ ನೋಡಿ. ಹಾಗೆಯೇ ಕಾರ್ಬೊರೇಟರಿನೊಳಗಿನ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ಸೂಜಿ ಸವೆದು ಆ ಮಟ್ಟ ಏರಿದ್ದರೂ ಇದೇ ಲಕ್ಷಣ ಬರುತ್ತದೆ. ರಾತ್ರಿ ಪೆಟ್ರೋಲ್ ಕಾಕ್ ಬಂದ್ ಮಾಡಿಟ್ಟರೆ ಬೆಳಿಗ್ಗೆ ವ್ಯತ್ಯಾಸ ಕಾಣುವುದೇ ಎಂಬುದು ಅದರ ಸುಲಭದ ಪರೀಕ್ಷೆ.

ಎರಡನೆಯ ಸಂದೇಹ ಆಯಿಲ್ಲಿನದು. ನಮ್ಮ ಭಾಗದ ಬಹಳ ಗಾಡಿಗಳಲ್ಲಿ ಯಾರೋ ಹಿಂದೆಯೇ ಆಟೋಲ್ಯೂಬ್ ಪಂಪನ್ನು ಕಳಚಿ ಟಾಕಿಗೇ ಟು-ಟಿ ಆಯಿಲ್ ಬೆರೆಸುವ ಪದ್ಧತಿ ಹಾಕಿರುತ್ತಾರೆ. ಪಂಪು ಎಕ್ಸಿಲೇಟರಿನ ಮತ್ತು ಎಂಜಿನ್ನಿನ ವೇಗವನ್ನು ನೋಡಿಕೊಂಡು ಸ್ಲೋದಲ್ಲಿ ತೀರ ಕಡಿಮೆ ಆಯಿಲ್ ಕೊಡುತ್ತದೆ. ಟಾಕಿಯಲ್ಲಿ ಬೆರೆಸಿದ್ದು ಮಾತ್ರ ಸ್ಲೋದಲ್ಲಿಯೂ ಪೂರ್ತಿ ಓಟದಲ್ಲಿಯೂ ಒಂದೇ ಪ್ರಮಾಣದಲ್ಲಿ ಬರುತ್ತದೆ. ಪಂಪು ಇನ್ನೂ ಇದ್ದರೆ, ಎಂಜಿನ್ ಹಿಡಿದೀತೆಂಬ ಭಯದಿಂದ ಟಾಕಿಗೂ ಒಂದು ಮುಚ್ಚಳ ಆಯಿಲ್ ಸುರಿಯುವ ಅಭ್ಯಾಸವನ್ನು ಬಿಡಿ, ಮೊದಲು ಪಂಪಿನ ಕೇಬಲ್ ಗುರುತಿಗೆ ಸರಿಯಾಗಿದೆಯೇ ಎಂದು ತೋರಿಸಿಕೊಳ್ಳಿ.

ಇನ್ನು ಪ್ಲಗ್ಗಿನ ಆರೈಕೆ. ಎಂಜಿನ್ ತಣ್ಣಗಾದ ಮೇಲೆಯೇ ಬಿಚ್ಚಿ, ಏಕೆಂದರೆ ಹೆಡ್ ಅಲ್ಯುಮಿನಿಯಮ್ಮಿನದು, ಬಿಸಿಯಲ್ಲಿ ಅದರ ಮರೆ (ತಿರುಪಿನ ಥ್ರೆಡ್) ಕಿತ್ತು ಬರಬಹುದು. ಸುತ್ತಲಿನ ಧೂಳನ್ನು ಮೊದಲೇ ಊದಿ ತೆಗೆಯಿರಿ. ಒದ್ದೆಯಾದ ಪ್ಲಗ್ಗನ್ನು ಪೆಟ್ರೋಲಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ತಂತಿ ಬ್ರಷ್ಷಿನಿಂದ ಪಿಂಗಾಣಿಯನ್ನು ಉಜ್ಜಿದರೆ ಲೋಹದ ಗೀರುಗಳು ಉಳಿದು ವಿದ್ಯುತ್ತು ಕಿಡಿಯಾಗದೆ ಅವುಗಳ ಮೇಲೆಯೇ ಹರಿದುಹೋಗುತ್ತದೆ. ಗ್ಯಾಸ್ ಒಲೆಯ ಮೇಲೆ ಸುಡುವುದಂತೂ ಬೇಡವೇ ಬೇಡ. ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಯಿಂದ) ಕಿಡಿ ಹಾರುವ ಸಂದನ್ನು 0.6ರಿಂದ 0.7 ಮಿಲಿಮೀಟರಿಗೆ ಇಡಿ. ಮರಳಿ ಕೂರಿಸುವಾಗ ಕೈಯಿಂದಲೇ ಪೂರ್ತಿ ತಿರುವಿ, ಕೊನೆಗೆ ಮಾತ್ರ ಪ್ಲಗ್ ಪಾನಾ ಹಿಡಿಯಿರಿ: ಹೊಸ ಪ್ಲಗ್ಗಿಗೆ ಅರ್ಧ ಸುತ್ತು, ಒಮ್ಮೆ ಬಳಸಿದ ವಾಶರ್ ಇದ್ದರೆ ಸುಮಾರು 30 ಡಿಗ್ರಿಯಷ್ಟು ಸಾಕು.

ಹೊಸದನ್ನು ಕೊಳ್ಳುವಾಗ ನಂಬರಿನ ಬಗ್ಗೆ ಎಚ್ಚರವಿರಲಿ. ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಪ್ಲಗ್ ತಂಪು, ಬಾಷ್‌ನ ಈಗಿನ ನಂಬರುಗಳಲ್ಲಿ ಅಂಕಿ ಏರಿದಂತೆ ಬಿಸಿ. ಇಲ್ಲಿ ಬಾಷ್ ಪ್ಲಗ್ಗುಗಳು ಮೈಕೋ ಹೆಸರಿನಲ್ಲಿ ಬರುತ್ತಿದ್ದಾಗಿನ 175, 225ರಂತಹ ಹಳೆಯ ಅಂಕಿಗಳು ಮತ್ತೆ ಇದಕ್ಕೆ ತದ್ವಿರುದ್ಧವಾಗಿದ್ದವು. ಎನ್‌ಜಿಕೆ ನಂಬರಿನ ಎಚ್ ಅಕ್ಷರವು 12.7 ಮಿಲಿಮೀಟರ್ ಉದ್ದದ ಮರೆಯನ್ನು, ಇ ಅಕ್ಷರವು 19 ಮಿಲಿಮೀಟರ್ ಮರೆಯನ್ನು ಸೂಚಿಸುತ್ತದೆ. ಎಚ್ ಕೂರಬೇಕಾದ ಕಡೆ ಇ ಕೂರಿಸಿದರೆ ಪಿಸ್ಟನ್ನು ಮೇಲೆ ಬಂದು ಪ್ಲಗ್ಗಿಗೆ ಬಡಿಯಬಹುದು. ಅಂಗಡಿಯವರ ನೆನಪನ್ನು ನೆಚ್ಚದೆ ಗಾಡಿಯ ಪುಸ್ತಕದಲ್ಲಿರುವ ನಂಬರನ್ನೇ ಬರೆದುಕೊಂಡು ಹೋಗಿ.

ಧಾರವಾಡದ ಮಳೆಗಾಲವನ್ನು ಬಲ್ಲವರಿಗೆ ಪ್ಲಗ್ ಕ್ಯಾಪಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತೇವ ಒಳಗಿಳಿದು ವೈರಿನ ತುದಿ ಹಸಿರುಗಟ್ಟಿದ್ದರೆ ಅಷ್ಟನ್ನು ಕತ್ತರಿಸಿ ಕ್ಯಾಪನ್ನು ಮತ್ತೆ ತಿರುಗಿಸಿ ಕೂರಿಸಿ. ಕತ್ತಲಲ್ಲಿ ಶುರುಮಾಡಿದಾಗ ಕ್ಯಾಪಿನ ಸುತ್ತ ನೀಲಿ ಕಿಡಿ ಕಂಡರೆ ಅದನ್ನು ಬದಲಿಸಬೇಕು. ಕಿಡಿಯನ್ನು ಪರೀಕ್ಷಿಸುವಾಗ ಪ್ಲಗ್ಗಿನ ಮೈ ಹೆಡ್ಡಿಗೆ ತಾಗಿಕೊಂಡೇ ಇರಲಿ, ತೂತಿನಿಂದ ದೂರವಿರಲಿ. ಅರ್ಥ್ ಇಲ್ಲದೆ ಕಿಕ್ ಹೊಡೆದರೆ ಕಿಡಿ ಹುಟ್ಟಿಸುವ ಸಿಡಿಐ ಪೆಟ್ಟಿಗೆ ಹಾಗೂ ಕಾಯಿಲ್ಲಿಗೆ ಪೆಟ್ಟು. ಏರ್ ಫಿಲ್ಟರಿನ ಫೋಮನ್ನೂ ಮರೆಯಬೇಡಿ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗದ ಕಡೆ ಬೇಸಿಗೆಯಲ್ಲಿ ಓಡಾಡುವ ಗಾಡಿಗಳಲ್ಲಿ ಎರೆಭೂಮಿಯ ಧೂಳು ಅದನ್ನು ಕಟ್ಟಿಹಾಕಿ ಪ್ಲಗ್ ಕಪ್ಪಾಗಿಸುತ್ತದೆ.

ಇಷ್ಟಾದ ಮೇಲೆ ಪುಸ್ತಕದ ನಂಬರಿನ ಹೊಸ ಪ್ಲಗ್ ಹಾಕಿ, ಮನೆಯಿಂದ ಸುಭಾಸ ರಸ್ತೆಯವರೆಗಿನ ಓಡಾಟವನ್ನು ಬಿಟ್ಟು ಅಳ್ನಾವರದ ರಸ್ತೆಯಲ್ಲಿ ಅರ್ಧ ಗಂಟೆ ಒಳ್ಳೆಯ ವೇಗದಲ್ಲಿ ಹೋಗಿ. ಓಡುತ್ತಿರುವಾಗಲೇ ಸುರಕ್ಷಿತ ಜಾಗ ನೋಡಿ, ಕ್ಲಚ್ ಹಿಡಿದು, ಎಂಜಿನ್ ಬಂದ್ ಮಾಡಿ ನಿಲ್ಲಿ. ಸ್ಲೋದಲ್ಲಿ ಬಿಟ್ಟು ನಿಲ್ಲಿಸಿದರೆ ನಿಮಗೆ ಸ್ಲೋದ ಬಣ್ಣ ಕಾಣುತ್ತದೆಯೇ ಹೊರತು ಓಟದ್ದಲ್ಲ. ಹೆಡ್ ಆರಿದ ಮೇಲೆ ಪ್ಲಗ್ ಬಿಚ್ಚಿ. ಬಿಸ್ಕೀಟ್ ಬಣ್ಣವಿದ್ದರೆ ನಿಮ್ಮ ತೊಂದರೆ ಬರೀ ಸಣ್ಣ ಓಡಾಟದ್ದು ಮತ್ತು ಚೋಕಿನದ್ದು. ಬೆಳ್ಳಗೆ ಸುಣ್ಣದಂತಿದ್ದರೆ ಗಾಳಿ ಹೆಚ್ಚಾಗಿದೆ. ಈಗಿನ 20 ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ಜೆಟ್ಟಿಗೆ (ಕಾರ್ಬೊರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ಸಣ್ಣ ತೂತಿಗೆ) ಸ್ವಲ್ಪ ತೆಳುವೇ ಆಗುತ್ತದೆ, ಚಳಿಯಲ್ಲಿ ಆವಿಯಾಗುವುದೂ ನಿಧಾನ, ಆದ್ದರಿಂದ ಆಗ ಜೆಟ್ ಮತ್ತು ಇನ್‌ಟೇಕ್ ರಬ್ಬರ್ ನೋಡಿಸಬೇಕು.

ಅಷ್ಟು ದೂರ ಓಡಿದ ಮೇಲೂ ಪ್ಲಗ್ ಆಯಿಲ್ಲಿನಿಂದ ಒದ್ದೆಯಾಗಿದ್ದು, ಬಿಳಿ ಹೊಗೆ ಹೆಚ್ಚಿದ್ದು, ಗೇರ್ ಆಯಿಲ್ ಮಟ್ಟ ಇಳಿಯುತ್ತಿದ್ದರೆ ಕ್ಲಚ್ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿ ಎಂಜಿನ್ನು ಗೇರ್ ಬಾಕ್ಸಿನ ಆಯಿಲ್ಲನ್ನು ಒಳಗೆಳೆದುಕೊಳ್ಳುತ್ತಿದೆ ಎಂದರ್ಥ. ಆಗ ಪ್ಲಗ್ಗಿಗೆ ಇನ್ನೊಂದು ರೂಪಾಯಿಯನ್ನೂ ಹಾಕದೆ, ಟು-ಸ್ಟ್ರೋಕ್ ಬಲ್ಲ ಮೇಸ್ತ್ರಿಯವರ ಬಳಿ ಬಲಗಡೆಯ ಕವರ್ ಬಿಚ್ಚಿಸಿ ಸೀಲ್ ಬದಲಿಸಿಕೊಳ್ಳಿ.