ಕೈ ಬ್ಯಾಗ್ ಮೊದ್ಲು ತುಂಬಿ, ಸೂಟ್‌ಕೇಸ್ ಆಮೇಲೆ

ನಿಮ್ಮ ಪ್ರಶ್ನೆ ಓದ್ದೆ. ಕೆಲಸ ಸಿಕ್ಕಿ ಮೊದಲ ಸಲ ಹೊರದೇಶಕ್ಕೆ ಹೊರಟಿದೀರ, ಇಳಿಯೋ ಹೊತ್ತಿಗೆ ಚಳಿಗಾಲ ಶುರುವಾಗಿರುತ್ತೆ, ಟಿಕೆಟಲ್ಲಿ 23 ಕೆಜಿದು ಎರಡು ಚೆಕ್-ಇನ್ ಬ್ಯಾಗು, 7 ಕೆಜಿದು ಒಂದು ಕ್ಯಾಬಿನ್ ಬ್ಯಾಗು ಅಂತಿದೆ, ಮಧ್ಯದಲ್ಲಿ ಒಂದ್ಕಡೆ ವಿಮಾನ ಬದಲಾಯಿಸ್ಬೇಕು, ಮನೇಲಿ ಪ್ರತಿಯೊಬ್ರೂ ಒಂದೊಂದು ಲಿಸ್ಟ್ ಕೊಡ್ತಿದಾರೆ, ಎಷ್ಟು ಬಟ್ಟೆ ತರ್ಲಿ, ದಪ್ಪ ಕೋಟು ಈಗ್ಲೇ ಕೊಂಡ್ಕೊಳ್ಳಲಾ ಅಂತ ಕೇಳಿದೀರ. ನಾನು ಸುಮಾರು ವರ್ಷದಿಂದ ಹೊರಗೇ ಇದೀನಿ, ಹೊಸದಾಗಿ ಬರೋರನ್ನ ಏರ್‌ಪೋರ್ಟಿಂದ ಕರ್ಕೊಂಡು ಬರೋಕೂ ಹೋಗ್ತಿರ್ತೀನಿ, ಹಾಗಾಗಿ ಯಾರ ಬ್ಯಾಗಲ್ಲಿ ಏನಿತ್ತು, ಅದ್ರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಮುಟ್ಟದೇನೇ ಬೀರು ಸೇರ್ತು ಅನ್ನೋದನ್ನ ಹತ್ರದಿಂದ ನೋಡಿದೀನಿ, ಅದನ್ನೇ ಹೇಳ್ತೀನಿ.

ಎಲ್ರೂ ದೊಡ್ಡ ಸೂಟ್‌ಕೇಸಿಂದ ಶುರು ಮಾಡ್ತಾರೆ, ಅದ್ರಲ್ಲಿ ಹಿಡೀದೆ ಉಳಿದಿದ್ದನ್ನ ಕೊನೇಲಿ ಕೈ ಬ್ಯಾಗಿಗೆ ತುರುಕ್ತಾರೆ. ನೀವು ಉಲ್ಟಾ ಮಾಡಿ. ದೊಡ್ಡ ಬ್ಯಾಗ್ ಎರಡೂ ಮೂರು ದಿನ ತಡವಾಗಿ ಬರುತ್ತೆ ಅಂತ್ಲೇ ಅಂದ್ಕೊಂಡು ಮೊದ್ಲು ಕೈ ಬ್ಯಾಗ್ ತುಂಬಿ. ಬ್ಯಾಗ್ ತಪ್ಪಿಸ್ಕೊಳ್ಳೋದು ಜಾಸ್ತಿ ವಿಮಾನ ಬದಲಾಯಿಸೋ ಜಾಗದಲ್ಲೇ, ನೀವು ಓಡ್ಕೊಂಡು ಹೋಗಿ ಮುಂದಿನ ವಿಮಾನ ಹಿಡೀತೀರ, ಬ್ಯಾಗಿಗೆ ಅಷ್ಟು ಟೈಮ್ ಸಿಕ್ಕಿರಲ್ಲ, ಅದು ಆಮೇಲಿನ ವಿಮಾನದಲ್ಲಿ ಬರುತ್ತೆ. ಬಹಳಷ್ಟು ಸಲ ಬ್ಯಾಗ್ ಸಿಕ್ಕೇ ಸಿಗುತ್ತೆ, ಭಯ ಬೇಡ, ಆದ್ರೆ ಅಲ್ಲೀವರೆಗೂ ನೀವು ಬದುಕ್ಬೇಕಲ್ಲ. ಒಂದ್ಸಲ ಚಳಿಗಾಲದಲ್ಲಿ ಬಂದ ಒಬ್ಬ ಹುಡುಗನ ಎರಡೂ ಬ್ಯಾಗ್ ಹೀಗೇ ಹಿಂದೆ ಉಳ್ಕೊಂಡ್ವು, ಅವನ ಸ್ವೆಟರು, ಆಫರ್ ಲೆಟರು, ಆಸ್ತಮಾ ಇನ್‌ಹೇಲರು ಎಲ್ಲಾ ಅದ್ರಲ್ಲೇ, ಕೈಯಲ್ಲಿದ್ದಿದ್ದು ಲ್ಯಾಪ್‌ಟಾಪು ಮತ್ತೆ ಒಂದು ಕತ್ತಿನ ದಿಂಬು ಅಷ್ಟೇ. ಆ ರಾತ್ರಿ ಔಷಧಿಗೋಸ್ಕರ ಅಲೆದಿದ್ದು ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗುತ್ತೆ.

ಹಾಗಾಗಿ ಕೈ ಬ್ಯಾಗಲ್ಲಿ ಇರ್ಲೇಬೇಕಾಗಿದ್ದು ಇಷ್ಟು. ಪಾಸ್‌ಪೋರ್ಟು, ವೀಸಾ ಕಾಗದ, ಕೆಲಸದ ಪತ್ರ, ಸರ್ಟಿಫಿಕೇಟುಗಳ ಒರಿಜಿನಲ್ಲು. ದಿನಾ ತಗೊಳ್ಳೋ ಔಷಧಿ ಅದರದ್ದೇ ಪ್ಯಾಕೆಟಲ್ಲಿ, ಜೊತೆಗೆ ಡಾಕ್ಟರ ಚೀಟಿ, ಚೀಟೀಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಬರೆಸ್ಕೊಳ್ಳಿ ಯಾಕಂದ್ರೆ ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತೆ. ಕನ್ನಡಕ ಹಾಕೋರಾದ್ರೆ ಇನ್ನೊಂದು ಜೊತೆ. ಒಡವೆ, ದುಡ್ಡು ಇದ್ರೆ ಅದೂ ಇಲ್ಲೇ. ಒಂದು ಪೂರ್ತಿ ಬದಲಿ ಬಟ್ಟೆ, ಎರಡು ಮೂರು ಜೊತೆ ಒಳ ಉಡುಪು, ಸಾಕ್ಸು, ಒಂದು ಥರ್ಮಲ್ (ಚಳಿಗೆ ಒಳಗಡೆ ಹಾಕೋ ತೆಳು ಬಟ್ಟೆ), ಟೋಪಿ, ಗ್ಲೌಸು. ಚಾರ್ಜರ್ರು, ಆ ದೇಶದ ಪ್ಲಗ್ಗಿಗೆ ಹೊಂದೋ ಅಡಾಪ್ಟರು.

7 ಕೆಜಿ ಅನ್ನೋದು ಕೇಳೋಕೆ ಜಾಸ್ತಿ ಅನ್ಸುತ್ತೆ, ಆದ್ರೆ ಚಕ್ರ ಇರೋ ಟ್ರಾಲಿನೇ ಎರಡೂವರೆ ಮೂರು ಕೆಜಿ ತಿಂದ್ಬಿಡುತ್ತೆ, ಲ್ಯಾಪ್‌ಟಾಪು ಚಾರ್ಜರ್ರು ಸೇರಿ ಇನ್ನೊಂದು ಎರಡು ಕೆಜಿ, ಉಳಿಯೋದೇನು? ಗಟ್ಟಿಯಾದ ಒಂದು ಸಾದಾ ಬೆನ್ನಿಗೆ ಹಾಕೋ ಬ್ಯಾಗ್ ತಗೊಳ್ಳಿ, ಒಂದು ಕೆಜಿ ಒಳಗೇ ಇರುತ್ತೆ. ಭಾರ ಇರೋ ಶೂ, ಜಾಕೆಟ್ ಮೈಮೇಲೇ ಇರ್ಲಿ, ವಿಮಾನದೊಳಗೆ ಹೇಗಿದ್ರೂ ಕೆಲವು ಸಲ ಚಳಿ ಆಗುತ್ತೆ, ಬೇಡ ಅಂದ್ರೆ ಬಿಚ್ಚಿ ಮೇಲೆ ಇಟ್ರಾಯ್ತು. ಶೂ ಮಾತ್ರ ಬಿಗಿ ಇರೋದು ಬೇಡ, ತುಂಬಾ ಹೊತ್ತು ಕೂತ್ರೆ ಕಾಲು ಊದ್ಕೊಳ್ಳುತ್ತೆ.

ಪವರ್‌ಬ್ಯಾಂಕ್ ಬಗ್ಗೆ ಎಲ್ರೂ ಕೇಳ್ತಾರೆ ಅದಕ್ಕೇ ಬಿಡಿಸಿ ಹೇಳ್ತೀನಿ. ಅದು ಕೈ ಬ್ಯಾಗಲ್ಲೇ ಇರ್ಬೇಕು, ಚೆಕ್-ಇನ್ ಬ್ಯಾಗಲ್ಲಿ ಹಾಕೋ ಹಾಗಿಲ್ಲ, ಬಿಡಿ ಲಿಥಿಯಂ ಬ್ಯಾಟರಿಗಳಿಗೂ ಇದೇ ನಿಯಮ. ಕಾರಣ ಏನಂದ್ರೆ ಬ್ಯಾಟರಿಗೆ ಬೆಂಕಿ ಹತ್ತಿದ್ರೆ ಮೇಲೆ ಸಿಬ್ಬಂದಿ ಕಣ್ಣಿಗೆ ಬೀಳುತ್ತೆ, ಆರಿಸ್ಬಹುದು, ಕೆಳಗೆ ಲಗೇಜ್ ಮಧ್ಯ ಹತ್ತಿದ್ರೆ ಯಾರ ಕೈಗೂ ಸಿಗಲ್ಲ. ಮಿತಿ 100 ವ್ಯಾಟ್-ಅವರ್ (ಬ್ಯಾಟರೀಲಿ ಎಷ್ಟು ಶಕ್ತಿ ಹಿಡಿಯುತ್ತೆ ಅನ್ನೋ ಅಳತೆ), 100ರಿಂದ 160ರವರೆಗೆ ಏರ್‌ಲೈನ್ ಒಪ್ಪಿಗೆ ಬೇಕು, ಅದಕ್ಕಿಂತ ಜಾಸ್ತಿ ಆದ್ರೆ ಬಿಡೋದೇ ಇಲ್ಲ. ಲೆಕ್ಕ ಸುಲಭ, ಅದರ ಮೇಲೆ 20,000 ಎಂಎಎಚ್ (ಮಿಲಿಆಂಪಿಯರ್-ಅವರ್) ಅಂತಿದ್ರೆ 20 ಆಂಪಿಯರ್-ಅವರ್, ಅದನ್ನ ಒಳಗಿನ ಬ್ಯಾಟರಿಯ 3.7 ವೋಲ್ಟಿಂದ ಗುಣಿಸಿ, 74 ವ್ಯಾಟ್-ಅವರ್ ಬರುತ್ತೆ, ಸೋ ಪರವಾಗಿಲ್ಲ. ಮೈಮೇಲೆ ಅಕ್ಷರ ಅಳಿಸಿ ಹೋಗಿರೋದನ್ನ ತರ್ಬೇಡಿ, ಎಷ್ಟು ಅಂತ ಓದೋಕಾಗದಿದ್ರೆ ಸೆಕ್ಯೂರಿಟೀಲಿ ಕಿತ್ಕೊಳ್ಬಹುದು. 2025ರಿಂದ ಹಲವು ಏರ್‌ಲೈನ್‌ಗಳು ಹಾರಾಟದ ಮಧ್ಯೆ ಪವರ್‌ಬ್ಯಾಂಕ್ ಬಳಸೋಕೂ ಬಿಡ್ತಿಲ್ಲ, ಹತ್ತೋ ಮುಂಚೆನೇ ಫೋನ್ ಚಾರ್ಜ್ ಮಾಡ್ಕೊಳ್ಳಿ. ಇನ್ನೊಂದು, ವಿಮಾನ ತುಂಬಿದೆ ನಿಮ್ಮ ಕೈ ಬ್ಯಾಗ್ ಕೆಳಗೆ ಹಾಕ್ತೀವಿ ಅಂತ ಗೇಟಲ್ಲಿ ತಗೊಳ್ಳೋದುಂಟು, ಆಗ ಪವರ್‌ಬ್ಯಾಂಕು, ಔಷಧಿ, ಕಾಗದ ಪತ್ರ ಈ ಮೂರನ್ನ ತಕ್ಷಣ ಹೊರಗೆ ತೆಗೀಬೇಕು, ಅದಕ್ಕೆ ಇವು ಮೂರನ್ನೂ ಮೊದ್ಲಿಂದ್ಲೇ ಒಂದು ಸಣ್ಣ ಚೀಲದಲ್ಲಿ ಮೇಲೇ ಇಟ್ಕೊಂಡಿರಿ.

ನೀರಿನಂಥ ವಸ್ತು, ಕ್ರೀಮು, ಪೇಸ್ಟು ಎಲ್ಲಾ 100 ಮಿಲಿ ಒಳಗಿನ ಡಬ್ಬಿಗಳಲ್ಲಿ, ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ, 2006ರಿಂದ ಬಂದ ನಿಯಮ. ಡಬ್ಬಿ ಅಳತೆನೇ ಲೆಕ್ಕ, 200 ಮಿಲಿ ಬಾಟ್ಲಲ್ಲಿ ಅರ್ಧ ಇದ್ರೂ ಬಿಡಲ್ಲ. ಹೊಸ ಸ್ಕ್ಯಾನರ್ ಬಂದಿರೋ ಕೆಲವು ಏರ್‌ಪೋರ್ಟಲ್ಲಿ ಸಡಿಲ ಮಾಡಿದಾರೆ, ಆದ್ರೆ ನೀವು ಬದಲಾಯಿಸೋ ಏರ್‌ಪೋರ್ಟಲ್ಲಿ ಮಾಡಿರ್ಬೇಕು ಅಂತೇನಿಲ್ಲ.

ಈಗ ಬಟ್ಟೆ. ಚಳಿ ಅಂದ ತಕ್ಷಣ ಎಲ್ರ ತಲೇಲಿ ಬರೋದು ಒಂದು ದಪ್ಪ ಸ್ವೆಟರು, ಅದರ ಮೇಲೊಂದು ದಪ್ಪ ಕೋಟು. ಆದ್ರೆ ಚಳಿ ದೇಶದಲ್ಲಿ ಆಫೀಸು, ಬಸ್ಸು, ಮನೆ ಎಲ್ಲಾ ಒಳಗಡೆ ಬಿಸಿ ಇರುತ್ತೆ, ಹೊರಗೆ ಸೊನ್ನೆಗಿಂತ ಕೆಳಗೆ, ಒಳಗೆ ಇಪ್ಪತ್ತರ ಮೇಲೆ, ದಿನಕ್ಕೆ ಹತ್ತು ಸಲ ಒಳಗೆ ಹೊರಗೆ ಓಡಾಡ್ತೀರ, ಹಾಕೋದು ಬಿಚ್ಚೋದು ಸುಲಭ ಇರ್ಬೇಕು. ಅದಕ್ಕೇ ಪದರ ಪದರವಾಗಿ ಹಾಕೋದು. ಮೈಗೆ ಅಂಟೋ ಹಾಗೆ ತೆಳು ಥರ್ಮಲ್, ಅದರ ಮೇಲೆ ಫ್ಲೀಸ್ (ಮೆತ್ತಗೆ ಹಗುರ ಇರೋ ಸಿಂಥೆಟಿಕ್ ಬಟ್ಟೆ) ಅಥವಾ ಉಣ್ಣೆ, ಮೇಲೆ ಗಾಳಿ ನೀರು ತಡೆಯೋ ಒಂದು ಜಾಕೆಟ್. ಬೆಚ್ಚಗಿಡೋದು ಪದರಗಳ ಮಧ್ಯ ಸಿಕ್ಕಿಹಾಕ್ಕೊಂಡ ಗಾಳಿ, ಹಾಗಾಗಿ ಮೂರು ತೆಳು ಬಟ್ಟೆ ಒಂದು ದಪ್ಪ ಬಟ್ಟೆಗಿಂತ ಚೆನ್ನಾಗಿ ಕೆಲಸ ಮಾಡುತ್ತೆ, ತೂಕಾನೂ ಕಮ್ಮಿ. ಒಳಗಿನ ಪದರ ಹತ್ತಿದ್ದು ಬೇಡ, ಹತ್ತಿ ಬೆವರು ಹೀರ್ಕೊಂಡು ಒದ್ದೆಯಾಗೇ ಇರುತ್ತೆ, ಹೊರಗೆ ಬಂದ ತಕ್ಷಣ ಮೈ ಕೊರೆಯುತ್ತೆ. ಮೆರಿನೋ ಅನ್ನೋ ತಳಿಯ ಕುರಿಯ ನಯವಾದ ಉಣ್ಣೆ ಆದ್ರೆ ಸ್ವಲ್ಪ ಒದ್ದೆಯಾದ್ರೂ ಬೆಚ್ಚಗಿರುತ್ತೆ, ವಾಸನೇನೂ ಬೇಗ ಬರಲ್ಲ, ಅದು ದುಬಾರಿ ಅನ್ಸಿದ್ರೆ ಪಾಲಿಯೆಸ್ಟರ್ ಥರ್ಮಲ್ ಸಾಕು.

ದೊಡ್ಡ ಕೋಟು ಈಗ ತಗೋಬೇಡಿ. ಚಳೀಲಿ ಹಲವು ಥರ ಇದೆ, ಒಣ ಚಳಿಗೆ ಗರಿ ತುಂಬಿದ ಜಾಕೆಟ್ ತುಂಬಾ ಒಳ್ಳೇದು, ಮಳೆ ಜೊತೆ ಬರೋ ಚಳಿಗೆ ಅದು ಒದ್ದೆಯಾದ್ರೆ ಮುದ್ದೆಯಾಗಿ ಬಿಸಿ ಕಳ್ಕೊಳ್ಳುತ್ತೆ, ಎಷ್ಟು ದೂರ ನಡೀತೀರ, ಬಸ್ಸಿಗೆ ಕಾಯ್ತೀರಾ ಕಾರಲ್ಲಿ ಹೋಗ್ತೀರಾ ಅನ್ನೋದ್ರ ಮೇಲೂ ಹೋಗುತ್ತೆ, ಇದೆಲ್ಲ ಅಲ್ಲಿ ಹೋಗಿ ಒಂದು ವಾರ ಇದ್ಮೇಲೇ ಗೊತ್ತಾಗೋದು. ಮಂಜಲ್ಲಿ ಜಾರದ ಬೂಟೂ ಅಷ್ಟೇ, ಅಲ್ಲೇ ದಪ್ಪ ಸಾಕ್ಸ್ ಹಾಕ್ಕೊಂಡು ನೋಡಿ ತಗೊಳ್ಳಿ. ಏರ್‌ಪೋರ್ಟಿಂದ ಮನೆಗೆ ಹೋಗೋಕೆ, ಅಂಗಡಿಗೆ ಹೋಗಿ ಬರೋಕೆ ಆಗೋವಷ್ಟು ಒಂದು ಮಧ್ಯಮ ಜಾಕೆಟ್ ಮೈಮೇಲಿದ್ರೆ, ಒಳಗೆ ಥರ್ಮಲ್, ಫ್ಲೀಸ್ ಇದ್ರೆ ಮೊದಲ ವಾರ ಕಳೆಯುತ್ತೆ.

ಎಷ್ಟು ಬಟ್ಟೆ ಅನ್ನೋದಕ್ಕೆ ಅಳತೆ ಒಗೆಯೋ ದಿನ. ವಾರಕ್ಕೊಂದು ಸಲ ಮಷೀನಿಗೆ ಹಾಕ್ತೀರ ಅಂದ್ರೆ ಒಳ ಉಡುಪು, ಸಾಕ್ಸು ಹತ್ತು ದಿನಕ್ಕೆ, ಶರ್ಟು ಟಾಪು ಆರೇಳು, ಪ್ಯಾಂಟು ಮೂರು ನಾಲ್ಕು. ಜೀನ್ಸ್ ಎರಡಕ್ಕಿಂತ ಬೇಡ, ಒಂದೊಂದು ಮುಕ್ಕಾಲು ಕೆಜಿ ಹತ್ರ ತೂಗುತ್ತೆ, ಒಣಗೋಕೂ ಎರಡು ದಿನ. ಎಲ್ಲಾ ಬಟ್ಟೇದೂ ಒಳಗಿರೋ ಲೇಬಲ್ ಓದಿ, ಕೈಯಲ್ಲೇ ಒಗೀಬೇಕು, ಡ್ರೈಕ್ಲೀನೇ ಆಗ್ಬೇಕು ಅಂತಿದ್ರೆ ಅಂಥದ್ದು ಒಂದೆರಡೇ ಸಾಕು, ಡ್ರೈಯರ್ ಬಿಸಿಗೆ ಉಣ್ಣೆ ಕುಗ್ಗಿಹೋಗುತ್ತೆ, ಹತ್ತಿ ಕೂಡ ಸ್ವಲ್ಪ ಕುಗ್ಗುತ್ತೆ. ತೂಕ ಕೊಟ್ಟು ತರೋದಕ್ಕೆ ಯೋಗ್ಯ ಅಂತ ನಾನು ಅನ್ನೋದು ನಿಮ್ಮ ಮೈ ಅಳತೆಗೆ ಹೊಲಿಸಿದ ಬಟ್ಟೆ, ಆಫೀಸಿನ ಮೀಟಿಂಗಿಗೋ ಯಾರದ್ದೋ ಸಮಾರಂಭಕ್ಕೋ ಹಾಕೋ ಒಂದು ಒಳ್ಳೆ ಜೊತೆ, ನಿಮ್ಮ ಕಾಲಿಗೆ ಪಳಗಿರೋ ಶೂ. ರಗ್ಗು, ದಿಂಬು, ದಪ್ಪ ಟವೆಲ್ ಬೇಡ, ಮನೇಲಿ ಪ್ರೀತಿಯಿಂದ ಕೊಡ್ತಾರೆ, ಬೇಡ ಅನ್ನೋದು ಕಷ್ಟ ನಂಗೊತ್ತು, ಒಂದು ತೆಳು ಹೊದಿಕೆ ತಗೊಂಡು ಉಳಿದಿದ್ದು ಅಲ್ಲೇ ಸಿಗುತ್ತೆ ಅಂತ ಸಮಾಧಾನ ಹೇಳಿ.

ತುಂಬೋವಾಗ ಒಂದು ಮಾತು ಮರೀಬೇಡಿ, ಒಂದರಲ್ಲಿ ಬರೀ ಬಟ್ಟೆ, ಇನ್ನೊಂದರಲ್ಲಿ ಬರೀ ಸಾಮಾನು ಅಂತ ಮಾಡ್ಬೇಡಿ, ಎಲ್ಲಾನೂ ಎರಡು ಬ್ಯಾಗಿಗೂ ಅರ್ಧ ಅರ್ಧ ಹಂಚಿ, ಒಂದು ತಡ ಆದ್ರೂ ಇನ್ನೊಂದ್ರಲ್ಲಿ ಎಲ್ಲಾ ಥರದ್ದೂ ಸ್ವಲ್ಪ ಇರುತ್ತೆ. ಭಾರದ್ದು ಚಕ್ರದ ಕಡೆ, ಶೂ ಒಳಗೆ ಸಾಕ್ಸು, ಟೀಶರ್ಟು ಸುತ್ತಿ, ಕಾಲರ್ ಇರೋದು ಮಡಚಿ. ಗಾಳಿ ತೆಗೆಯೋ ವ್ಯಾಕ್ಯೂಮ್ ಕವರಿಂದ ಜಾಗ ಉಳಿಯುತ್ತೆ ಹೊರತು ತೂಕ ಉಳಿಯಲ್ಲ, ಜಾಗ ಸಿಕ್ತು ಅಂತ ಇನ್ನೂ ತುಂಬ್ತೀರ, ಕೌಂಟರಲ್ಲಿ 27 ಕೆಜಿ ತೋರ್ಸುತ್ತೆ. ಕೈಯಲ್ಲಿ ತೂಗುಹಾಕೋ ಚಿಕ್ಕ ತಕ್ಕಡಿ ಒಂದು ತಗೊಂಡು 22ಕ್ಕೆ ನಿಲ್ಲಿಸಿ, ಎರಡು ತಕ್ಕಡಿ ಒಂದೇ ಥರ ತೋರ್ಸಲ್ಲ. ಹಣ ಕಟ್ಟಿದ್ರೂ ಒಂದು ಬ್ಯಾಗ್ 32 ಕೆಜಿ ದಾಟಿದ್ರೆ ಹೆಚ್ಚಿನ ಕಡೆ ತಗೊಳ್ಳಲ್ಲ, ಅದನ್ನ ಎತ್ತೋರ ಬೆನ್ನಿನ ಸಲುವಾಗಿ ಇರೋ ಮಿತಿ ಅದು. ಅಳತೆನೂ ನೋಡ್ಕೊಳ್ಳಿ, ಉದ್ದ ಅಗಲ ಎತ್ತರ ಮೂರೂ ಕೂಡಿದ್ರೆ ಚಕ್ರ ಹಿಡಿ ಸೇರಿ 158 ಸೆಂಟಿಮೀಟರ್ ಒಳಗೆ ಇರೋದು ಸಾಮಾನ್ಯ ನಿಯಮ.

ಹಳೇ ಪ್ರಯಾಣದ ಟ್ಯಾಗು, ಬಾರ್‌ಕೋಡ್ ಸ್ಟಿಕ್ಕರು ಎಲ್ಲಾ ಕಿತ್ತು ಹಾಕಿ, ಮಷೀನು ಗೊಂದಲ ಮಾಡ್ಕೊಳ್ಳುತ್ತೆ. ಹೆಸರು, ಫೋನು, ಹೋಗೋ ಊರಿನ ವಿಳಾಸ ಬರೆದ ಒಂದು ಚೀಟಿ ಬ್ಯಾಗಿನ ಒಳಗೂ ಇಡಿ, ಹೊರಗಿನದ್ದು ಹರಿದ್ರೆ ಅದೇ ದಿಕ್ಕು. ಮುಚ್ಚೋ ಮುಂಚೆ, ಮುಚ್ಚಿದ್ಮೇಲೆ ಎರಡು ಫೋಟೋ ತೆಗೀರಿ. ಕೌಂಟರಲ್ಲಿ ಟ್ಯಾಗ್ ಅಂಟಿಸಿದಾಗ ಅದರ ಮೇಲಿನ ಮೂರಕ್ಷರದ ಕೋಡು ನೀವು ಕೊನೇಲಿ ಇಳಿಯೋ ಏರ್‌ಪೋರ್ಟಿಂದೇನಾ ಅಂತ ಓದಿ, ಹತ್ತು ಅಂಕಿಯ ನಂಬರ್ ಇರೋ ಚೂರನ್ನ ಜೋಪಾನ ಮಾಡಿ. ಅಮೆರಿಕಕ್ಕೆ ಹೋಗೋರಾದ್ರೆ ಸಾಮಾನ್ಯವಾಗಿ ಮೊದಲು ಇಳಿಯೋ ಏರ್‌ಪೋರ್ಟಲ್ಲೇ ಬ್ಯಾಗ್ ಎತ್ಕೊಂಡು ಕಸ್ಟಮ್ಸ್ ದಾಟಿಸಿ ಮತ್ತೆ ಬೆಲ್ಟಿಗೆ ಹಾಕ್ಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಆದ್ರೆ ಶೂ ಅಡಿ ಮಣ್ಣು ಪೂರ್ತಿ ತೊಳೆದಿರ್ಬೇಕು, ಮಣ್ಣಲ್ಲಿ ಬೀಜ, ರೋಗ ಬರುತ್ತೆ ಅಂತ ಬಹಳ ಕಟ್ಟುನಿಟ್ಟು. ಯಾರೋ ಪರಿಚಯದೋರು ಸೀಲ್ ಮಾಡಿದ ಪೊಟ್ಟಣ ಕೊಟ್ಟು ಅಲ್ಲಿ ಇಂಥವ್ರಿಗೆ ಕೊಡಿ ಅಂದ್ರೆ ಬಿಚ್ಚಿ ನೋಡದೆ ತಗೋಬೇಡಿ, ನಿಮ್ಮ ಬ್ಯಾಗಲ್ಲಿ ಏನಿದ್ರೂ ಜವಾಬು ನೀವೇ ಕೊಡ್ಬೇಕು, ಇದ್ರಲ್ಲಿ ದಾಕ್ಷಿಣ್ಯ ಬೇಡವೇ ಬೇಡ.

ಇಷ್ಟಾದ್ರೂ ಬೆಲ್ಟ್ ಖಾಲಿಯಾಗಿ ನಿಮ್ಮ ಬ್ಯಾಗ್ ಬರ್ಲಿಲ್ಲ ಅಂದ್ರೆ ಆ ಹಾಲ್ ಬಿಟ್ಟು ಹೊರಗೆ ಬರ್ಬೇಡಿ. ಅಲ್ಲೇ ಬ್ಯಾಗೇಜ್ ಕೌಂಟರಿಗೆ ಹೋಗಿ ಪಿಐಆರ್ (ಬ್ಯಾಗ್ ಬಂದಿಲ್ಲ ಅಂತ ದಾಖಲಿಸೋದು) ಅನ್ನೋ ರಿಪೋರ್ಟ್ ಬರೆಸಿ, ನಂಬರ್ ತಗೊಳ್ಳಿ, ಆಗ ಆ ಟ್ಯಾಗ್ ಚೂರು ಮತ್ತೆ ಫೋಟೋ ಕೆಲಸಕ್ಕೆ ಬರುತ್ತೆ. ತಡ ಆದ ದಿನಗಳಿಗೆ ಕೊಂಡ ಅಗತ್ಯದ ಬಟ್ಟೆ, ಬ್ರಷ್ಷು ಎಲ್ಲದರ ರಸೀದಿ ಇಟ್ಕೊಳ್ಳಿ, ಕೇಳೋಕೆ ಹಕ್ಕಿದೆ. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಏರ್‌ಲೈನ್ ಹೊಣೆ ಏನು ಅಂತ ಹೇಳೋ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಒಡೆದಿದ್ರೆ 7 ದಿನದೊಳಗೆ, ತಡವಾಗಿ ಬಂದ್ರೆ ಕೈಗೆ ಸಿಕ್ಕಿದ 21 ದಿನದೊಳಗೆ ಬರವಣಿಗೇಲಿ ದೂರು ಕೊಡ್ಬೇಕು, 21 ದಿನ ಆದ್ರೂ ಬರ್ಲಿಲ್ಲ ಅಂದ್ರೆ ಕಳೆದುಹೋದ ಹಾಗೇ ಲೆಕ್ಕ. ಪರಿಹಾರದ ಮೇಲ್ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್, ಅದು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಹಲವು ದೇಶದ ಹಣ ಸೇರಿಸಿ ಬೆಲೆ ಕಟ್ಟೋ ಲೆಕ್ಕದ ಘಟಕ, ಅಷ್ಟೂ ಸಿಗುತ್ತೆ ಅಂತಲ್ಲ, ಏನು ಕಳ್ಕೊಂಡ್ರಿ ಅಂತ ತೋರಿಸ್ಬೇಕು.

ನಿಮ್ಮ ಎರಡು ವಿಮಾನಾನೂ ಒಂದೇ ಟಿಕೆಟಲ್ಲಿ ಇದೆಯಾ, ಬೇರೆ ಬೇರೆ ಬುಕ್ ಮಾಡಿದ್ದಾ ಅಂತ ಬರೆದಿಲ್ಲ. ಬೇರೆ ಬೇರೆ ಆಗಿದ್ರೆ ಮಧ್ಯದ ಏರ್‌ಪೋರ್ಟಲ್ಲಿ ನೀವೇ ಬ್ಯಾಗ್ ತಗೊಂಡು ಮತ್ತೆ ಚೆಕ್-ಇನ್ ಮಾಡ್ಬೇಕಾಗ್ಬಹುದು, ಹಾಗೆ ಹೊರಗೆ ಬರೋಕೆ ಆ ದೇಶದ ಟ್ರಾನ್ಸಿಟ್ ವೀಸಾ (ಬರೀ ಹಾದು ಹೋಗೋಕೆ ಕೊಡೋ ವೀಸಾ) ಬೇಕಾಗ್ಬಹುದು, ಎರಡನೇ ಏರ್‌ಲೈನಿನ ತೂಕದ ಮಿತಿ ಬೇರೆ ಇದ್ರೆ ಅದನ್ನೇ ಹಿಡ್ಕೊಂಡು ಪ್ಯಾಕ್ ಮಾಡ್ಬೇಕು. ಮೊದ್ಲು ಅದನ್ನ ನೋಡಿ ಹೇಳಿ, ಎಲ್ಲಿ ಬದಲಾಯಿಸ್ತೀರ, ಮಧ್ಯ ಎಷ್ಟು ಗಂಟೆ ಇದೆ ಅನ್ನೋದೂ ಬರೀರಿ.