20 ಯಾವ ಸಾಲಿಗೆ ಸೇರಬೇಕು?

ನಮಸ್ಕಾರ. ಪುಣೆಯಲ್ಲಿ ಓದುವ ನಿಮ್ಮ ಮಗಳು 30 ಮಕ್ಕಳ ಅಂಕಗಳನ್ನು 10–20, 20–30 ಎಂದು ಗುಂಪು ಮಾಡಿದಾಗ ಒಟ್ಟು 34 ಬರುತ್ತಿದೆ ಎಂದು ಕೇಳಿದ್ದೀರಿ. 20, 30 ಬಂದ ಕಡೆಯಲ್ಲೆಲ್ಲ ಎರಡೂ ಸಾಲಲ್ಲಿ ಎಣಿಕೆಯ ಗೆರೆ ಹಾಕಿರಬೇಕು. ಬಹಳ ಮಕ್ಕಳು ಎಡವುವುದು ಇಲ್ಲೇ.

ಇಂಥ ಪಟ್ಟಿಯಲ್ಲಿ ಕೆಳಗಿನ ಮಿತಿ ಗುಂಪಿನ ಒಳಗೆ, ಮೇಲಿನ ಮಿತಿ ಹೊರಗೆ. ಅಂದರೆ 20 ಹೋಗುವುದು 20–30ಕ್ಕೆ. ನಾನು ಡೊಂಬಿವಲಿಯಲ್ಲಿ ಪಕ್ಕದ ಮನೆ ಮಕ್ಕಳಿಗೆ ಲೋಕಲ್ ಟ್ರೈನಿನ ಲೆಕ್ಕ ಕೊಡುತ್ತೇನೆ. ಆರು ದಿನದ ಪ್ರಯಾಣ 38, 40, 47, 50, 52, 60 ನಿಮಿಷ ಅಂತ ಇಟ್ಟುಕೊಳ್ಳಿ. 30–40ರಲ್ಲಿ 1, 40–50ರಲ್ಲಿ 2, 50–60ರಲ್ಲಿ 2. ಆ 60ಕ್ಕೆ ಜಾಗವೇ ಇಲ್ಲ, ಅಲ್ವಾ? ಅದಕ್ಕೇ 60–70 ಎಂಬ ಇನ್ನೊಂದು ಸಾಲು ಬೇಕು. ಈಗ ಒಟ್ಟು 6. ಎರಡೆರಡು ಕಡೆ ಹಾಕಿದ್ದರೆ 9 ಆಗುತ್ತಿತ್ತು.

10–19, 20–29 ಎಂದು ಬರೆದರೆ ಈ ಗೊಂದಲವೇ ಇಲ್ಲ. ಆದರೆ ಹಿಸ್ಟೋಗ್ರಾಂ (ಕಂಬಗಳ ನಡುವೆ ಜಾಗ ಬಿಡದ ಚಿತ್ರ) ಬಿಡಿಸುವಾಗ 9.5–19.5, 19.5–29.5 ಎಂದು ಸರಿಪಡಿಸಿಕೊಳ್ಳಬೇಕು.

ಇನ್ನೊಂದು ಮಾತು. ಒಂದು ಗುಂಪಿನಲ್ಲಿ ಎಷ್ಟು ಬಂದವು ಎಂಬ ಎಣಿಕೆಗೆ ನಾವು ಮನೆಯಲ್ಲಿ 'ಆವೃತ್ತಿ' ಅಂತೀವಿ, ಶಾಲೆಯ ಮರಾಠಿಯಲ್ಲಿ ಅದು 'ವಾರಂವಾರತಾ'. ಮರಾಠಿಯಲ್ಲಿ ಆವೃತ್ತಿ ಎಂದರೆ ಪುಸ್ತಕದ ಮುದ್ರಣ. ಮಗುವಿಗೆ ಇದನ್ನು ಮೊದಲೇ ಹೇಳಿಬಿಡಿ.

ಗೆರೆ ಹಾಕುವಾಗ ಒಂದೊಂದೇ ಅಂಕವನ್ನು ಪೆನ್ಸಿಲಿನಿಂದ ಹೊಡೆದು ಹಾಕುತ್ತಾ ಹೋಗಲಿ. ಐದನೆಯದು ಮೊದಲ ನಾಲ್ಕರ ಮೇಲೆ ಅಡ್ಡಗೆರೆ. ಕೊನೆಗೆ ಕೂಡಿದಾಗ 30 ಬರಲೇಬೇಕು.