ಮೈದಾನದ ಮಾತು: ಕೋಚ್ ಇದ್ದ ಮೇಲೆ ಟೆಕ್ನಿಕಲ್ ಡೈರೆಕ್ಟರ್ ಯಾಕೆ?

ಪ್ರಶ್ನೆ: ಸರ್ ನಮಸ್ಕಾರ. ನಾವು ಕಾರವಾರ ಕೋಡಿಬಾಗದ ಕಡೆಯವ್ರು, ಗೆಳೆಯರೆಲ್ಲ ಸೇರಿ ಒಂದು ಫುಟ್‌ಬಾಲ್ ಕ್ಲಬ್ ನಡೆಸ್ತಿದ್ದೇವೆ. ಸೀನಿಯರ್ ಟೀಮ್ ಒಂದು, ಮಕ್ಕಳ ಬ್ಯಾಚ್ ಎರಡು, ಕೋಚ್ ಒಬ್ರು ಇದ್ದಾರೆ. ಈಗ ಕಮಿಟಿಯಲ್ಲಿ ಒಬ್ರು ಟೆಕ್ನಿಕಲ್ ಡೈರೆಕ್ಟರ್ ಇಟ್ಕೊಳ್ಳೋಣ ಅಂತಾರೆ, ಇನ್ನೊಬ್ರು ಅದೆಲ್ಲ ದೊಡ್ಡ ಕ್ಲಬ್‌ನವರ ಶೋಕಿ ಅಂತಾರೆ. ಕೋಚ್‌ಗಂತೂ ಬೇಜಾರಾಗಿದೆ, ನನ್ ತಲೆ ಮೇಲೆ ಇನ್ನೊಬ್ಬ ಯಾಕೆ ಅಂತ. ಈ ಹುದ್ದೆಯವರು ನಿಜವಾಗ್ಲೂ ಮಾಡೋದೇನು?

ಉತ್ತರ: ಮೊದಲು ಕೋಚ್ ಜೊತೆ ಕೂತು ಮಾತಾಡಿ ಮಾರಾಯ್ರೆ, ಅವರ ಬೇಜಾರು ಸುಮ್ನೆ ಬಂದಿದ್ದಲ್ಲ. ಯಾರ ಕೆಲಸ ಎಲ್ಲಿಗೆ ಮುಗೀತದೆ ಅಂತ ಹೇಳದೇ ಇನ್ನೊಬ್ರನ್ನ ತಂದು ಕೂರಿಸಿದ್ರೆ ಯಾರಿಗಾದ್ರೂ ಹಾಗೇ ಅನ್ಸೋದು.

ನಮ್ಮ ಕಡೆಯ ಮಾತಲ್ಲೇ ಹೇಳ್ತೇನೆ. ಯಕ್ಷಗಾನದಲ್ಲಿ ಇವತ್ತು ರಾತ್ರಿಯ ಆಟ ಭಾಗವತರ ಕೈಲಿ, ಯಾವ ಪದ ಎತ್ತಬೇಕು ಎಲ್ಲಿ ಕುಣಿತ ಸಾಕು ಅಂತ ಅವರೇ ನೋಡ್ಕೊಳ್ತಾರೆ, ಅಲ್ಲಿ ಬೇರೆಯವರು ಬಾಯಿ ಹಾಕೋ ಹಾಗಿಲ್ಲ. ಆದ್ರೆ ಹಿಂದೆಲ್ಲ ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿ ಆಗಿ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕಾ ಸ್ತ್ರೀವೇಷ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬರ್ತಿದ್ದ, ಭಾಗವತರು ಬದಲಾದ್ರು ಅಂತ ಆ ಮೆಟ್ಟಿಲು ಬದಲಾಗ್ತಿರಲಿಲ್ಲ. ಶನಿವಾರದ ಮ್ಯಾಚ್ ಕೋಚ್‌ದು. ಆ ಮೆಟ್ಟಿಲು ಕಾಯೋ ಕೆಲಸ ಟೆಕ್ನಿಕಲ್ ಡೈರೆಕ್ಟರ್‌ದು.

ಅಂದ್ರೆ ನಮ್ಮ ಕ್ಲಬ್ ಯಾವ ಥರದ ಆಟ ಆಡಬೇಕು, 8 ವರ್ಷದ ಮಗು ಏನು ಕಲೀಬೇಕು, 14 ವರ್ಷದವನು ಏನು ಕಲೀಬೇಕು, ಮುಂದಿನ ಕೋಚ್ ಎಂಥವರಾಗಿರಬೇಕು, ಈಗಿರೋ ಕೋಚ್‌ಗಳು ಮುಂದಿನ ಕೋಚಿಂಗ್ ಲೈಸೆನ್ಸ್ ಯಾವಾಗ ಮಾಡಬೇಕು (ಏಷ್ಯಾದಲ್ಲಿ ಕೆಳಗಿಂದ ಮೇಲಕ್ಕೆ ಡಿ, ಸಿ, ಬಿ, ಎ, ಆಮೇಲೆ ಪ್ರೊ ಅಂತ ಇರ್ತದೆ), ಹೊಸ ಆಟಗಾರರನ್ನ ಎಲ್ಲಿ ಹುಡುಕಬೇಕು, ಇವೆಲ್ಲ ಅವರ ತಲೆನೋವು. ಹೆಸರು ಮಾತ್ರ ಒಂದೊಂದು ಕಡೆ ಒಂದೊಂದು, ಕೆಲವು ಕಡೆ ಸ್ಪೋರ್ಟಿಂಗ್ ಡೈರೆಕ್ಟರ್ ಅಂತಾರೆ, ಕೆಲವು ಕಡೆ ಡೈರೆಕ್ಟರ್ ಆಫ್ ಫುಟ್‌ಬಾಲ್, ಅಧಿಕಾರದಲ್ಲಿ ಹೆಚ್ಚುಕಡಿಮೆ ಇರ್ತದೆ, ಆದ್ರೆ ಐದಾರು ವರ್ಷ ಮುಂದಕ್ಕೆ ನೋಡೋದು ಎಲ್ಲ ಕಡೆಯೂ ಇದ್ದೇ ಇರ್ತದೆ.

ಇದ್ರಿಂದ ಏನಾಗ್ತದೆ ಅಂತ ನೋಡ್ಬೇಕಾದ್ರೆ ಸ್ಪೇನ್‌ನ ಸೆವಿಯ್ಯಾ ಕ್ಲಬ್ ನೋಡಿ. 2000ದಲ್ಲಿ ಆ ಕ್ಲಬ್ ಎರಡನೇ ಡಿವಿಷನ್‌ಗೆ ಬಿದ್ದಿತ್ತು, ಕೈಯಲ್ಲಿ ದುಡ್ಡಿಲ್ಲ, ಆಗ ತಮ್ಮಲ್ಲೇ ಗೋಲ್‌ಕೀಪರ್ ಆಗಿದ್ದ ಮೋಂಚಿ ಅನ್ನೋರಿಗೆ ಸ್ಪೋರ್ಟಿಂಗ್ ಡೈರೆಕ್ಟರ್ ಕೆಲಸ ಕೊಟ್ರು. ಸೆರ್ಗಿಯೋ ರಾಮೋಸ್ ಅಲ್ಲೇ ಬೆಳೆದ ಹುಡುಗ, 2005ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದ. ಡ್ಯಾನಿ ಆಲ್ವೆಸ್‌ನ ಬ್ರೆಜಿಲ್‌ನಿಂದ ಹುಡುಕಿ ತಂದು ಬೆಳೆಸಿ 2008ರಲ್ಲಿ ಬಾರ್ಸಿಲೋನಾಕ್ಕೆ ಮಾರಿದ್ರು. ಸೆವಿಯ್ಯಾ ಯುರೋಪಿನ ಕ್ಲಬ್‌ಗಳ ಯುಯೆಫಾ ಕಪ್ (ಈಗ ಅದಕ್ಕೇ ಯುರೋಪಾ ಲೀಗ್ ಅಂತಾರೆ) ಗೆದ್ದಿದ್ದು 2006, 2007, 2014, 2015, 2016, 2020, 2023ರಲ್ಲಿ, ಒಟ್ಟು 7 ಸಲ, ಅಷ್ಟೂ ಕಪ್ಪು ಬಂದಾಗ ಬೆಂಚ್ ಹತ್ರ ನಿಂತ ಕೋಚ್‌ಗಳು 4 ಜನ ಬೇರೆ ಬೇರೆ, ಆದ್ರೆ ಆ ಏಳು ಸಲವೂ ಮೋಂಚಿ ಕ್ಲಬ್‌ನಲ್ಲಿದ್ರು. ಮಧ್ಯ 2017ರಿಂದ 2019ರವರೆಗೆ ಅವರು ರೋಮಾ ಕ್ಲಬ್‌ಗೆ ಹೋಗಿದ್ರು, ಆಗ ಸೆವಿಯ್ಯಾಗೆ ಆ ಕಪ್ ಬರಲಿಲ್ಲ. ಅವರೊಬ್ಬರಿಂದಲೇ ಎಲ್ಲ ಆಯ್ತು ಅಂತಲ್ಲ, ಕೋಚ್ ಹೋದ್ರೂ ಕ್ಲಬ್‌ನ ದಾರಿ ಹೋಗಲಿಲ್ಲ ಅನ್ನೋದನ್ನ ಗಮನಿಸಿ.

ದೇಶದ ಲೆಕ್ಕದಲ್ಲೂ ಇದೇ. ಇಂಗ್ಲೆಂಡ್‌ನಲ್ಲಿ ಡ್ಯಾನ್ ಆ್ಯಶ್ವರ್ತ್ ಅಲ್ಲಿನ ಫುಟ್‌ಬಾಲ್ ಫೆಡರೇಷನ್‌ನಲ್ಲಿ ಇಂಥದ್ದೇ ಹುದ್ದೆಯಲ್ಲಿದ್ದಾಗ 2014ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ಡಿಎನ್‌ಎ ಅಂತ ಒಂದು ದಾರಿ ಹಾಕಿದ್ರು, ಎಲ್ಲ ವಯಸ್ಸಿನ ರಾಷ್ಟ್ರೀಯ ತಂಡಗಳೂ ಒಂದೇ ವಿಚಾರದಲ್ಲಿ ಆಡಬೇಕು ಅಂತ. 2017ರಲ್ಲಿ ಅವರ 20 ವರ್ಷದೊಳಗಿನ ತಂಡ ವಿಶ್ವಕಪ್ ಗೆಲ್ತು, ಅದೇ ವರ್ಷ ನಮ್ಮ ಕೋಲ್ಕತ್ತಾದಲ್ಲೇ 17 ವರ್ಷದೊಳಗಿನವರ ಫೈನಲ್‌ನಲ್ಲಿ ಸ್ಪೇನ್‌ಗೆ 5-2ರಲ್ಲಿ ಹೊಡೆದ್ರು, ಅದೂ ಮೊದಲು ಎರಡು ಗೋಲು ಹಿಂದೆ ಬಿದ್ದ ಮೇಲೆ. ನಮ್ಮ ಬೆಂಗಳೂರು ಎಫ್‌ಸಿ ಕೂಡ 2013ರಲ್ಲಿ ಶುರುವಾದ ಹೊಸದರಲ್ಲೇ ಮಂದಾರ್ ತಮ್ಹಾಣೆ ಅವರನ್ನ ಈ ಹುದ್ದೆಯಲ್ಲಿ ಇಟ್ಕೊಂಡಿತ್ತು.

ಇನ್ನು ನಿಮ್ಮ ಕ್ಲಬ್‌ಗೆ ಬರೋಣ. ನನಗೆ ಈ ವಿಷಯ ಯಾಕೆ ಇಷ್ಟು ಹತ್ತಿರ ಅಂದ್ರೆ, ನಾನು ಹಿಂದೆ ಒಂದು ಕ್ಲಬ್‌ನಲ್ಲಿ ಮಕ್ಕಳಿಗೆ ಕಲಿಸ್ತಿದ್ದೆ, ನಾಲ್ಕು ವರ್ಷದಲ್ಲಿ ಮೂರು ಹೆಡ್ ಕೋಚ್ ಬಂದು ಹೋದ್ರು. ಬೈತಖೋಲ್ ಕಡೆಯಿಂದ ಒಬ್ಬ ಎಡಗಾಲಿನ ಹುಡುಗ ಬರ್ತಿದ್ದ, ಕಾಲಲ್ಲಿ ಬಾಲ್ ಅಂಟಿದ ಹಾಗೆ ಇರೋದು. ಮೊದಲನೇ ಕೋಚ್ ಅವನನ್ನ ವಿಂಗ್‌ನಲ್ಲಿ ಆಡಿಸಿದ್ರು, ಎರಡನೆಯವರು ಡಿಫೆನ್ಸ್‌ಗೆ ಹಾಕಿದ್ರು, ಮೂರನೆಯವರಿಗೆ ಎತ್ತರದ ಹುಡುಗರೇ ಬೇಕಿತ್ತು, ಇವನು ಬೆಂಚಲ್ಲಿ ಕೂತ. ಹದಿನೇಳಕ್ಕೆ ಆಟ ಬಿಟ್ಟು ಬೋಟಿಗೆ ಹೋದ. ಬೋಟಿನ ಕೆಲಸ ಸಣ್ಣದು ಅಂತಲ್ಲ, ಅವನಿಗೆ ಆಡೋ ಮನಸ್ಸಿತ್ತು. ಮೂರೂ ಕೋಚ್ ಒಳ್ಳೆಯವರೇ, ತಮ್ಮ ತಮ್ಮ ಮ್ಯಾಚ್ ಗೆಲ್ಲೋಕೆ ನೋಡಿದ್ರು, ಆ ಹುಡುಗನ ಲೆಕ್ಕ ಇಟ್ಟವರು ಮಾತ್ರ ಯಾರೂ ಇರಲಿಲ್ಲ, ನಾನೂ ಇಡಲಿಲ್ಲ.

ಹಾಗಾಗಿ ನಿಮಗೆ ಸಂಬಳ ಕೊಟ್ಟು ದೊಡ್ಡ ಹೆಸರಿನವರನ್ನ ತರೋ ಅಗತ್ಯ ಇಲ್ಲ, ಆದ್ರೆ ಆ ಕೆಲಸ ಯಾರೋ ಒಬ್ರು ಮಾಡ್ಲೇಬೇಕು. ಹಳೇ ಆಟಗಾರರು, ಲೈಸೆನ್ಸ್ ಮಾಡಿದವರು, ಪಿಟಿ ಮೇಷ್ಟ್ರು, ವಾರಕ್ಕೆ ಎರಡು ದಿನ ಮೈದಾನಕ್ಕೆ ಬರೋರು ಸಿಕ್ಕಿದ್ರೂ ಸಾಕು. ಪ್ರತಿ ಹುಡುಗನಿಗೆ ಒಂದು ಪುಟ ಇಡ್ಲಿ: ಯಾವಾಗ ಸೇರಿದ, ಯಾವ ಜಾಗದಲ್ಲಿ ಆಡಿದ, ಏನು ಸುಧಾರಿಸ್ತು. ಮಳೆಗಾಲದ ಪ್ಲಾನ್ ಕೂಡ ಅವರೇ ಮಾಡ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮೈದಾನ ಕೆರೆ ಆಗ್ತದೆ, ಆ ನಾಲ್ಕು ತಿಂಗಳು ರಜೆ ಅಂತ ಬಿಟ್ರೆ ಮಕ್ಕಳು ವರ್ಷದ ಮೂರನೇ ಒಂದು ಪಾಲು ಕಳ್ಕೊಳ್ತಾರೆ, ಯಾವುದಾದ್ರೂ ಶಾಲೆಯ ಹಾಲ್ ಕೇಳಿ, ಐದೈದು ಜನ ಸಣ್ಣ ಜಾಗದಲ್ಲಿ ಆಡಿದ್ರೆ ಪಾಸು, ತಿರುವು ಎಲ್ಲ ಚುರುಕಾಗ್ತದೆ.

ರಿಜಿಸ್ಟ್ರೇಷನ್ ಕಾಗದನೂ ಜೋಪಾನ. ಗೋವಾ ನಮಗೆ ಪಕ್ಕದಲ್ಲೇ, ಒಳ್ಳೆ ಹುಡುಗರು ಗಡಿ ದಾಟಿ ಹೋಗೇ ಹೋಗ್ತಾರೆ, ಹೋಗ್ಲಿ. ನಾಳೆ ಅವರಲ್ಲಿ ಯಾರಾದ್ರೂ ತಮ್ಮ ಕ್ಲಬ್ ಜೊತೆಗಿನ ಒಪ್ಪಂದ ಮುಗಿಯೋ ಮೊದಲೇ ವಿದೇಶಿ ಕ್ಲಬ್‌ಗೆ ಮಾರಾಟ ಆದ್ರೆ, ಫಿಫಾ ನಿಯಮದ ಪ್ರಕಾರ ಆ ಮೊತ್ತದ ಶೇ 5ರಷ್ಟನ್ನ 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚ್ತಾರೆ. ನಿಮ್ಮಲ್ಲಿ ರಿಜಿಸ್ಟರ್ ಆಗಿದ್ದ ಅನ್ನೋದಕ್ಕೆ ದಾಖಲೆ ಇಲ್ಲದಿದ್ರೆ ಕೇಳೋಕೂ ಆಗಲ್ಲ.

ಕೋಚ್‌ಗೆ ಒಂದು ಹಾಳೆಯಲ್ಲಿ ಬರೆದು ಕೊಡಿ: ಹನ್ನೊಂದು ಜನರ ಆಯ್ಕೆ, ಮ್ಯಾಚ್‌ನ ತಂತ್ರ, ಬದಲಿ ಆಟಗಾರರು, ಇವು ಪೂರ್ತಿ ಕೋಚ್‌ದು. ಟೆಕ್ನಿಕಲ್ ಡೈರೆಕ್ಟರ್ ಕೇಳಬಹುದು, ಸಲಹೆ ಕೊಡಬಹುದು, ಟಚ್‌ಲೈನ್‌ಗೆ ಬಂದು ಕೂಗೋ ಹಾಗಿಲ್ಲ. ಅಷ್ಟು ಖಾತ್ರಿಯಾದ್ರೆ ಅವರ ಬೇಜಾರು ಅರ್ಧ ಕಮ್ಮಿ ಆಗ್ತದೆ.

ಪ್ರಶ್ನೆ: ಶಿರಸಿಯಿಂದ ಬರೀತಿದ್ದೇನೆ. ಮಗನಿಗೆ 11 ವರ್ಷ, ಫುಟ್‌ಬಾಲ್ ಅಂದ್ರೆ ಪ್ರಾಣ, ಆದ್ರೆ ಗಿಡ್ಡ ಅಂತ ಕೋಚಿಂಗ್‌ನಲ್ಲಿ ಅವನಿಗೆ ಚಾನ್ಸೇ ಕೊಡಲ್ಲ. ಆಟ ಬಿಡಿಸೋದಾ?

ಉತ್ತರ: ಬಿಡಿಸಬೇಡ ತಂಗೀ, ದಯವಿಟ್ಟು. ಆ ವಯಸ್ಸಲ್ಲಿ ಕೆಲವರು ಬೇಗ ಬೆಳೀತಾರೆ ಕೆಲವರು ನಿಧಾನ, ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಒಂದೇ ಬ್ಯಾಚ್‌ನಲ್ಲಿ ಹತ್ತತ್ರ ಒಂದು ವರ್ಷ ವ್ಯತ್ಯಾಸ ಇರ್ತದೆ, ದೊಡ್ಡ ದೊಡ್ಡ ಅಕಾಡೆಮಿಗಳಲ್ಲೂ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಆಯ್ಕೆ ಆಗಿರ್ತಾರೆ, ಇದು ಗೊತ್ತಿರೋ ಸಮಸ್ಯೆ. ಟೆಕ್ನಿಕಲ್ ಡೈರೆಕ್ಟರ್ ಇರೋ ಕ್ಲಬ್ ಆಗಿದ್ರೆ ಇದನ್ನ ಅವರೇ ತಡೀಬೇಕಿತ್ತು. ನೀನು ಹೋಗಿ ನಿಧಾನಕ್ಕೆ ಕೇಳು: ಈ ವಯಸ್ಸಿನವರಿಗೆ 7 ಅಥವಾ 9 ಜನರ ಆಟ ಆಡಿಸ್ತೀರಾ, ಬಾಲ್ ಸೈಜ್ 4 ಇದೆಯಾ, ಎಲ್ಲ ಮಕ್ಕಳಿಗೂ ಆಡೋಕೆ ಸಿಗ್ತದಾ ಅಂತ. ಮೂರಕ್ಕೂ ಇಲ್ಲ ಅಂದ್ರೆ ಕೋಚಿಂಗ್ ಬದಲಾಯಿಸು, ಆಟ ಅಲ್ಲ.

ಪ್ರಶ್ನೆ: ಟೀಮ್ ಸೋಲ್ತಾನೇ ಇದ್ರೆ ತೆಗೆಯೋದು ಕೋಚ್‌ನಾ, ಟೆಕ್ನಿಕಲ್ ಡೈರೆಕ್ಟರ್‌ನಾ? (ಕುಮಟಾ)

ಉತ್ತರ: ಕೋಚ್ ಲೆಕ್ಕ ಸೀಸನ್ ಮುಗಿದಾಗ ಕೇಳಿ. ಟೆಕ್ನಿಕಲ್ ಡೈರೆಕ್ಟರ್‌ಗೆ ಕಮ್ಮಿ ಅಂದ್ರೂ ಮೂರು ವರ್ಷ ಕೊಡಿ, ಆಮೇಲೆ ಕೂರಿಸಿ ಕೇಳಿ: ಮಕ್ಕಳ ಬ್ಯಾಚ್‌ನಿಂದ ಸೀನಿಯರ್‌ಗೆ ಎಷ್ಟು ಜನ ಬಂದ್ರು, ನಡುವೆ ಎಷ್ಟು ಜನ ಆಟ ಬಿಟ್ರು, ಯಾಕೆ ಬಿಟ್ರು, ಯಾವ ಕೋಚ್ ಯಾವ ಲೈಸೆನ್ಸ್ ಮಾಡಿದ್ರು. ಆ ಹುಡುಗರ ಹೆಸರು ಪುಸ್ತಕ ನೋಡದೇ ಅವರ ಬಾಯಲ್ಲಿ ಬರಬೇಕು.